ಗ್ರೈಂಡರ್ ಶ್ರುತಿಯಲ್ಲಿ ಮೇಲಿನ ಷಡ್ಜ

ಥೈರಾಯ್ಡ್ ಆಪರೇಷನ್ ಆದ ಮೇಲೆ ನನ್ನ ಸ್ವರ ಇಳಿದುಹೋಯಿತು. ಮಾತಿಗೇನೂ ತೊಂದರೆಯಿಲ್ಲ, ಆಫೀಸಿನಲ್ಲಿ ಫೋನ್ ಎತ್ತಿದರೆ ಆ ಕಡೆಯವರು ‘ಸರ್’ ಎನ್ನುತ್ತಾರೆ, ಅಷ್ಟೇ. ತಿದ್ದುವ ಗೋಜಿಗೆ ನಾನು ಹೋಗುವುದಿಲ್ಲ. ಆದರೆ ಡೊಂಬಿವಲಿಯ ನಮ್ಮ ಮಹಿಳಾ ಭಜನಾ ಮಂಡಳಿಯಲ್ಲಿ ಪ್ರತಿ ಶನಿವಾರ ಕೊನೆಯ ಮಂಗಳ ಎತ್ತುತ್ತಿದ್ದವಳು ನಾನು. ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲಬೇಕು, ಉಳಿದವರು ತಾಳ ಹಾಕುತ್ತ ಹಿಂದೆ ಬರಬೇಕು. ಈಗ ಆ ಜಾಗಕ್ಕೆ ಹೋದರೆ ಸ್ವರದ ಬದಲು ಬರೀ ಗಾಳಿ ಬರುತ್ತಿತ್ತು. ಡಾಕ್ಟರು, ಗಂಟಲಿನ ನರ ದಣಿದಿದೆ, ಬಂದರೆ ಬಂತು, ಬಾರದಿದ್ದರೆ ಇಲ್ಲ ಎಂದರು.

“ಗಂಟಲಿಗೆ ಒತ್ತು ಕೊಡ್ಬೇಡ ಮಾರಾಯ್ತಿ. ನೀನು ಹುಷಾರಾಗಿ ಮನೆಗೆ ಬಂದದ್ದೇ ದೊಡ್ಡದು,” ಎಂದರು ನನ್ನ ಗಂಡ.

ಅವರು ಹೇಳಿದ್ದು ಸರಿಯೇ. ಆದರೂ ಮಂಡಳಿಯ ಹಿಂದಿನ ಸಾಲಿನಲ್ಲಿ ತಾಳ ಹಿಡಿದು ಬಾಯಿ ಮುಚ್ಚಿ ಕೂರುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಮಂಗಳ ಶುರುವಾಗುತ್ತಲೇ ಚಪ್ಪಲಿ ಹುಡುಕುವ ನೆಪದಲ್ಲಿ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಬೇರೆಯವರು ಆ ಷಡ್ಜ ಹಿಡಿಯುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು. ಭಜನೆಗೆ ಹೋಗಿ ಹೊಟ್ಟೆ ಉರಿಸಿಕೊಂಡು ಬರುವುದು ಎಂಥ ಭಕ್ತಿಯೋ.

ಮಹಾಪೆಗೆ ಹೋಗುವ ನಮ್ಮ ಆಫೀಸ್ ಬಸ್ಸು ಶಿಳ್‌ಫಾಟಾದಲ್ಲಿ ಎಂದಿನಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಬೆಳಿಗ್ಗೆ, ಪಕ್ಕದ ಸೀಟಿನ ಹುಡುಗಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟು ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿದಳು. ನಮ್ಮ ಆಫೀಸಿನವಳೇ, ಮನೆಯವರು ಕುಂದಾಪುರದ ಕಡೆಯವರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

“ಆಂಟಿ, ಸುನೋ. ಆದ್ಮಿ ಏಕ್ ಹೀ ಹೈ, ಆವಾಜ್ ದೋ.”

ಒಬ್ಬನೇ ಮನುಷ್ಯ, ಎರಡು ಸ್ವರ. ಕೆಳಗೆ ತಂಬೂರಿಯಂಥ ಗುಂಯ್ ಸದ್ದು, ಅದರ ಮೇಲೆ ಸಣ್ಣ ಶಿಳ್ಳೆಯಂಥ ಇನ್ನೊಂದು. ಎರಡೂ ಒಂದೇ ಗಂಟಲಿನವು. ಕೆಳಗಿನ ಸ್ವರವನ್ನು ಗಟ್ಟಿಯಾಗಿ ಹಿಡಿದರೆ ಮೇಲಿನ ಸ್ವರಗಳು ಅದರೊಳಗೇ ಇರುತ್ತವಂತೆ. ಬಾಯಿ ಮತ್ತು ನಾಲಿಗೆಯನ್ನು ಹದವಾಗಿಟ್ಟರೆ ಅವುಗಳಲ್ಲಿ ಒಂದು ಎದ್ದು ಕೇಳುತ್ತದಂತೆ. ಮೇಲಿನದಕ್ಕೆ ಗಂಟಲು ಏರಬೇಕಾಗಿಯೇ ಇಲ್ಲ. ಕೆಳಗಿನ ಸ್ವರವಂತೂ ನನ್ನಲ್ಲಿ ಬೇಕಾದಷ್ಟಿತ್ತು. ಬಸ್ಸು ಮಹಾಪೆ ಮುಟ್ಟುವಷ್ಟರಲ್ಲಿ ಆ ವಿಡಿಯೊ ನನ್ನ ಮೊಬೈಲಿಗೆ ಬಂದಿತ್ತು.

ಕಲಿಯುವುದು ಎಲ್ಲಿ? ಠಾಕುರ್ಲಿಯ ನಮ್ಮ ಮನೆಯಲ್ಲಿ ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೆ ಕೇಳುತ್ತದೆ. ನನ್ನ ಗಂಡ ಶಹಾಡ್ ಸ್ಟೇಷನ್ ಹತ್ತಿರದ ಹೋಟೆಲೊಂದರ ಮ್ಯಾನೇಜರು. ನಸುಕಿಗೇ ಹೋಗಿ ಹೋಟೆಲಿನ ಬಾಗಿಲು ತೆಗೆಸುತ್ತಾರೆ, ಸಂಜೆ ನಾನು ಬರುವ ಹೊತ್ತಿಗೆ ಹಾಲ್‌ನಲ್ಲಿ ಟಿವಿ ಹಾಕಿಕೊಂಡು ಮಲಗಿರುತ್ತಾರೆ. ಅವರಿಗೆ ಗೊತ್ತಾದರೆ ಮತ್ತೆ ಗಂಟಲಿನ ಚಿಂತೆ ಹತ್ತುತ್ತದೆ. ಆಗ ನನಗೆ ಕಂಡದ್ದು ಗ್ರೈಂಡರ್. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಉದ್ದು ಹಾಕಿ ಸ್ವಿಚ್ ಒತ್ತಿದರೆ ಯಾರ ಹಾಡೂ ಹೊರಗೆ ಕೇಳುವುದಿಲ್ಲ. ಮೇಲಾಗಿ ಅದರ ಗುಂಯ್ ನನ್ನ ಹೊಸ ಸ್ವರಕ್ಕೆ ಸರಿಹೊಂದುತ್ತಿತ್ತು. ಬಿಟ್ಟಿ ಶ್ರುತಿಪೆಟ್ಟಿಗೆ. ಹಿಟ್ಟು ಗಟ್ಟಿಯಾದಾಗ ಮಾತ್ರ ಶ್ರುತಿ ಇಳಿಯುತ್ತಿತ್ತು. ಸ್ವಲ್ಪ ನೀರು ಹಾಕಿದರೆ ಮತ್ತೆ ಮೇಲೆ ಬರುತ್ತಿತ್ತು.

ಚಿಕ್ಕಂದಿನಿಂದ ಬಾಯಿ ಬಿಟ್ಟು ಹಾಡು ಎಂದು ಬೈಸಿಕೊಂಡು ಬೆಳೆದವಳು ನಾನು. ಇಲ್ಲಿ ಎಲ್ಲ ತಿರುವುಮುರುವು. ಬಾಯಿಯನ್ನು ಊದುವವರಂತೆ ಸಣ್ಣಗೆ ಮಾಡಬೇಕು, ನಾಲಿಗೆಯ ತುದಿಯನ್ನು ಮಡಚಿ ಮೇಲಕ್ಕೆ ಒತ್ತಬೇಕು, ‘ಊ’ದಿಂದ ‘ಈ’ಗೆ ಆದಷ್ಟು ನಿಧಾನವಾಗಿ ಸರಿಯಬೇಕು. ವಾರಗಟ್ಟಲೆ ನನಗೆ ಕೇಳಿಸಿದ್ದು ಮೂಗು ಕಟ್ಟಿದ ಎಮ್ಮೆಯ ಸದ್ದು ಮಾತ್ರ. ಒಂದು ಸಂಜೆ ಕಿವಿಯ ಹತ್ತಿರ ತೆಳ್ಳಗೆ ಏನೋ ಶಿಳ್ಳೆ ಹಾಕಿತು. ಗ್ರೈಂಡರಿನ ಬೆಲ್ಟು ಸವೆದಿರಬೇಕು ಎಂದುಕೊಂಡೆ. ನಾಲಿಗೆ ಸ್ವಲ್ಪ ಸರಿಸಿದೆ, ಶಿಳ್ಳೆ ಮೇಲೇರಿತು. ಹಿಂದಕ್ಕೆ ತಂದೆ, ಇಳಿಯಿತು. ಗ್ರೈಂಡರಿಗೆ ನಾಲಿಗೆ ಇಲ್ಲವಲ್ಲ. ಸಿಂಕಿನ ಅಂಚು ಹಿಡಿದುಕೊಂಡು ಮತ್ತೆ ‘ಊ’ದಿಂದ ಶುರುಮಾಡಿದೆ.

ಅಲ್ಲಿಂದ ಮುಂದೆ ಗ್ರೈಂಡರ್ ನಿಲ್ಲಿಸಲು ಮನಸ್ಸೇ ಬರುತ್ತಿರಲಿಲ್ಲ. ಉದ್ದನ್ನು ಹದ ಮೀರಿ ರುಬ್ಬಿದರೆ ಹಿಟ್ಟು ಬಿಸಿಯಾಗುತ್ತದೆ, ಇಡ್ಲಿ ಏಳುವುದಿಲ್ಲ ಎಂಬುದು ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. ನಾನೋ ಹೋಟೆಲಿನವನ ಹೆಂಡತಿ. ಭಾನುವಾರ ಬೆಳಿಗ್ಗೆ ಗಂಡ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಅದು ಒತ್ತಿದಲ್ಲೇ ಉಳಿಯಿತು.

“ಹಿಟ್ಟು ಬಿಸಿಯಾಗಿದೆ,” ಎಂದರು.

“ಇಲ್ಲಪ್ಪ. ಉದ್ದು ಹಳೆಯದಿರ್ಬೇಕು.”

“ಹಾಂ. ಇರ್ಬಹುದು.” ಚಟ್ನಿ ಸ್ವಲ್ಪ ಹೆಚ್ಚು ಹಾಕಿಕೊಂಡು ತಿಂದರು. ಮುಂದಿನ ಭಾನುವಾರವೂ ಹಾಗೆಯೇ ತಿಂದರು.

ಶನಿವಾರಗಳಲ್ಲಿ ನಾನು ಮಂಡಳಿಯ ಹಿಂದಿನ ಸಾಲಿನಲ್ಲೇ ಇದ್ದೆ. ಭಜನೆಗೆ ಮೊದಲು ನಾವು ಎಲ್ಲರೂ ಸೇರಿ ಓಂಕಾರ ಹೇಳುತ್ತೇವೆ. ಒಂದು ದಿನ ಅದರ ಕೊನೆಗೆ, ಇಷ್ಟು ಜನರ ನಡುವೆ ಯಾರಿಗೆ ಕೇಳುತ್ತದೆ ಎಂಬ ಧೈರ್ಯದಿಂದ, ನಾಲಿಗೆ ಮಡಚಿದೆ. ಶಿಳ್ಳೆ ಎದ್ದಿತು. ಹಾರ್ಮೋನಿಯಂ ಹಿಡಿದಿದ್ದ ಮಂಡಳಿಯ ಹಿರಿಯ ಅಕ್ಕ, ಕೀಲಿ ಸಿಕ್ಕಿಕೊಂಡಿತೆಂದು ಕೈ ತೆಗೆದರು. ಸದ್ದು ನಿಲ್ಲಲಿಲ್ಲ. ತಿದಿ ಮುಚ್ಚಿದರು. ಆಗಲೂ ನಿಲ್ಲಲಿಲ್ಲ. ಅಷ್ಟರಲ್ಲಿ ಉಳಿದವರೂ ಸುಮ್ಮನಾಗಿದ್ದರು, ನನಗೆ ಮಾತ್ರ ನಿಲ್ಲಿಸಲು ತೋಚಲಿಲ್ಲ. ಉಸಿರು ಮುಗಿದಾಗ ತಾನಾಗಿಯೇ ನಿಂತಿತು.

“ಯಾರದು?”

“ನಾನು, ಅಕ್ಕ.”

“ಎಂತ ಮಾಡಿದ್ದು ನೀನು?”

“ಕೆಳಗಿನ ಸ ಹಿಡಿದ್ರೆ ಮೇಲಿನ ಸ ಕೇಳ್ತದೆ, ಅಕ್ಕ. ಆದ್ರೆ ಅದರಲ್ಲಿ ಶಬ್ದ ಹೇಳ್ಲಿಕ್ಕೆ ಆಗುವುದಿಲ್ಲ. ದೇವರ ಹೆಸರು ಸಹ ಇಲ್ಲ.”

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. “ಹೆಸರು ಹೇಳ್ಲಿಕ್ಕೆ ನಾವಿದ್ದೇವಲ್ಲ. ನೀನು ಷಡ್ಜ ಕೊಡು. ಮಂಗಳಕ್ಕೆ ಮುಂದೆ ಬಾ.”

ಅಂದು ನಾನು ಚಪ್ಪಲಿ ಹುಡುಕಲು ಹೋಗಲಿಲ್ಲ. ಮುಂದೆ ಕೂತು ಕೆಳಗಿನ ಷಡ್ಜ ಹಿಡಿದೆ. ಮೇಲಿನದು ಬಂತು, ನಡುವೆ ಒಮ್ಮೆ ಕಡಿಯಿತು, ಮತ್ತೆ ಬಂತು. ಅದು ನನ್ನ ಹಳೆಯ ಸ್ವರವಲ್ಲ, ಅದರ ಮುಂದೆ ಇದು ತೀರಾ ತೆಳ್ಳಗಿನದು. ಆದರೆ ನಿಂತದ್ದು ಅದೇ ಷಡ್ಜದ ಮೇಲೆ, ಅದರ ಹಿಂದೆ ತಾಳ ಹಾಕುತ್ತ ಎಲ್ಲರೂ ಬಂದರು. ಮಂಗಳಾರತಿ ಮುಗಿದ ಮೇಲೆ ನಾನು ಅತ್ತುಬಿಟ್ಟೆ, ಎಲ್ಲರೆದುರಿಗೇ.

ಹೊರಗೆ ಗಂಡ ಸ್ಕೂಟರ್ ತಂದು ಗೇಟಿನ ಬಳಿ ಕಾಯುತ್ತಿದ್ದರು. ಒಳಗಿನದು ಅಲ್ಲಿಗೆ ಚೆನ್ನಾಗಿಯೇ ಕೇಳುತ್ತದೆ. ನನ್ನ ಕೆಂಪು ಕಣ್ಣು ನೋಡಿ ಸ್ಕೂಟರ್ ಸ್ಟಾರ್ಟ್ ಮಾಡಿದರು. ಠಾಕುರ್ಲಿಯ ತಿರುವು ದಾಟಿದ ಮೇಲೆ, ತಲೆ ತಿರುಗಿಸದೆ, ನಮ್ಮ ಊರಿನ ತುಳುವಿನಲ್ಲಿ ಹೇಳಿದರು: ಇನ್ನು ಮೇಲೆ ಇಡ್ಲಿ ಹಿಟ್ಟು ನಾನು ಹೋಟೆಲಿನಿಂದಲೇ ತರುತ್ತೇನೆ, ನೀನು ಗ್ರೈಂಡರ್ ಹಾಕದೆ ಹಾಡು, ಅದರ ಸದ್ದಿಗೆ ಹಾಲ್‌ನಲ್ಲಿ ಮಲಗಿದ ನನಗೆ ಮೇಲಿನ ಸ್ವರ ಸರಿಯಾಗಿ ಕೇಳಿಸುವುದಿಲ್ಲ.