ಮಾವನ ಕಾರಿಗೆ ಅಪ್ಪ ಮಾಡಿದ ಕೊಳವೆ

ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಬಂದು ಎರಡು ವರ್ಷವಾಗಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ನನ್ನ ಗಂಡನ ತಂದೆಗೆ ರೊಟ್ಟಿ ಬಡಿಸುತ್ತ ಯೋಚನೆಯಿಲ್ಲದೆ ಅಂದುಬಿಟ್ಟೆ:

"ಆ ಕಾರು ನಮ್ಮಪ್ಪ ರಿಪೇರಿ ಮಾಡಿಕೊಡ್ತಾನ್ರಿ, ಮಾವಾರ."

ಮಾವ ಮೆಣಸಿನಕಾಯಿ ವ್ಯಾಪಾರಿ. ಮುಂಬಯಿಯಲ್ಲಿ ಯಾರೋ ಮಾರುತ್ತಿದ್ದ ಹಳೆಯ ವಿದೇಶಿ ಡೀಸೆಲ್ ಕಾರು ಕೊಂಡು ತಂದಿದ್ದರು. "ಇದರಾಗ ಟರ್ಬೊ ಐತಿ" ಎಂದು ಊರಿಗೆಲ್ಲ ಸಾರಿದ್ದರು. ಟರ್ಬೊ ಅಂದರೇನೆಂದು ಹೇಳಿದವರಿಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ, ಹೀಗಾಗಿ ಎಲ್ಲರೂ ಒಪ್ಪಿಕೊಂಡಿದ್ದರು. ಅದು ಇಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ ಗಿರಗಿರ ತಿರುಗಿ, ಇಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ಪುಟ್ಟ ಚಕ್ರವೆಂದು ನನಗೆ ಆಮೇಲೆ ಅಪ್ಪ ತಿಳಿಸಿಕೊಟ್ಟ. ಒಮ್ಮೆ ಮುಂಡರಗಿಯಿಂದ ಬರುವಾಗ ಆ ಚಕ್ರ ಕೆಟ್ಟು, ಕಾರು ದಾರಿಯುದ್ದಕ್ಕೂ ನೀಲಿ ಹೊಗೆ ಬಿಡುತ್ತ ಮನೆ ಸೇರಿತು. ಹುಬ್ಬಳ್ಳಿಯ ಮಿಸ್ತ್ರಿ ಬಂದು ನೋಡಿ, ಬದಲಿ ಸಾಮಾನು ಪರದೇಶದಿಂದಲೇ ಬರಬೇಕೆಂದು ಹೇಳಿ ಚಹಾ ಕುಡಿದು ಹೋದ. ಅಂದಿನಿಂದ ಕಾರು ಅಂಗಳದಲ್ಲಿ ನಿಂತಿತ್ತು. ಅತ್ತೆ ಅದರ ಬಾನೆಟ್ಟಿನ ಮೇಲೆ ಸಂಡಿಗೆ ಒಣಹಾಕುತ್ತಿದ್ದರು. ನನ್ನ ಪ್ರಕಾರ ಆ ಕಾರು ಮಾಡಿದ ಮೊದಲ ಉಪಯುಕ್ತ ಕೆಲಸ ಅದು.

ನನ್ನಪ್ಪನದು ಬೆಟಗೇರಿಯಲ್ಲಿ ವೆಲ್ಡಿಂಗ್ ಅಂಗಡಿ. ಆಗ ಹಳ್ಳಿಗಳ ಹಿಟ್ಟಿನ ಗಿರಣಿಗಳು ಡೀಸೆಲ್ ಇಂಜಿನ್ನಿನಿಂದ ನಡೆಯುತ್ತಿದ್ದವು. ಗಿರಣಿ ಚಾಲೂ ಆಗಿದೆಯೆಂದು ಊರಿಗೆ ತಿಳಿಯಬೇಕಲ್ಲ, ಅದಕ್ಕೆ ಹೊಗೆ ಕೊಳವೆಯ ತುದಿಗೆ ತಗಡಿನ ಒಂದು ಕಿರಿದಾದ ಬಾಯಿ ಕೂರಿಸುತ್ತಿದ್ದರು. ಇಂಜಿನ್ ಹೊಡೆದಂತೆಲ್ಲ ಅದು ಕುಕ್ ಕುಕ್ ಕುಕ್ ಎಂದು ಕೂಗುತ್ತಿತ್ತು. ಹೊಲದಲ್ಲಿದ್ದ ಹೆಂಗಸರು ಅದನ್ನು ಕೇಳಿ ಜೋಳದ ಬುಟ್ಟಿ ಹೊರಲು ಮನೆಗೆ ಓಡುತ್ತಿದ್ದರು. ಆ ಬಾಯಿ ಮಾಡುವುದರಲ್ಲಿ ಅಪ್ಪನದು ಎತ್ತಿದ ಕೈ. ಗಂಡನ ಮನೆಯಲ್ಲಿ ಮಾತ್ರ ಅವನಿಗೆ ಇದ್ದ ಹೆಸರು "ಗಿರಣಿ ಕೊಳವಿ ಮಾಡಾಂವ". ನಾನು ಒಳಗಿದ್ದೇನೆಂದು ಗೊತ್ತಿದ್ದೂ ಪಡಸಾಲೆಯಲ್ಲಿ ಹಾಗೆ ಅನ್ನುತ್ತಿದ್ದರು. ನನ್ನ ಗಂಡ ಒಳ್ಳೆಯವರು, ಅಂದರೆ ಬಾಯಿಯೇ ತೆರೆಯುತ್ತಿರಲಿಲ್ಲ.

ಅಪ್ಪ ಕಾರು ಓಡಿಸಿ ತೋರಿಸಿದರೆ ಆ ಮಾತು ನಿಲ್ಲುತ್ತದೆಂಬುದು ನನ್ನ ಲೆಕ್ಕ. ಸೋತರೆ ಸಾಯುವ ತನಕ ಕೇಳಬೇಕಾಗಿತ್ತು. ಅವನನ್ನು ಒಂದು ಮಾತೂ ಕೇಳದೆ ಅವನ ಮಾನವನ್ನು ಪಣಕ್ಕಿಟ್ಟಿದ್ದೆ.

ಮಾವ ಒಪ್ಪಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಬೆಟಗೇರಿಗೆ ಎಳೆಸಿದರು. ಉಸ್ತುವಾರಿಯ ನೆಪದಲ್ಲಿ ನಾನೂ ತವರು ಸೇರಿಕೊಂಡೆ.

"ಯಾರನ್ನ ಕೇಳಿ ಮಾತು ಕೊಟ್ಟಿ?" ಅಂದ ಅಪ್ಪ.

"ನಾ ನಿನ್ನ ಮಗಳಲ್ಲೇನು?"

"ಅದ ನೋಡು ನನಗ ಚಿಂತಿ."

ಅಪ್ಪ ಟರ್ಬೊ ಬಿಚ್ಚಿ ಅದರ ಚಕ್ರವನ್ನು ಬೆರಳಿನಿಂದ ಅಲುಗಾಡಿಸಿದ. ಅದು ಬೀಳಲಿರುವ ಹಲ್ಲಿನಂತೆ ಅತ್ತಿತ್ತ ಆಡಿತು. "ಇದನ್ನ ಸುದ್ದ ಮಾಡಾಕ ಬರಂಗಿಲ್ಲ. ಇದನ್ನ ಬಿಟ್ಟು ದಾಟಬೇಕು" ಅಂದ. ಹೊಗೆ ಟರ್ಬೊಗೆ ಹೋಗದಂತೆ ಇಂಜಿನ್ನಿನಿಂದ ಸೀದಾ ಹಿಂದಿನ ಕೊಳವೆಗೆ ಸೇರುವ ಹೊಸ ಕೊಳವೆ ಮಾಡುವುದು ಅವನ ಉಪಾಯ. ಎಳೆತ ಕಡಿಮೆಯಾಗುತ್ತದೆ, ಆದರೆ ಕಾರು ಓಡುತ್ತದೆ.

ಇಂಜಿನ್ನಿನ ಪಕ್ಕದಲ್ಲಿ ಕೈ ಹಾಕಲೂ ಜಾಗವಿರಲಿಲ್ಲ. ದಪ್ಪ ತಂತಿಯೊಂದನ್ನು ಆ ಸಂದಿಯಲ್ಲಿ ತೂರಿಸಿ, ಬಗ್ಗಿಸಿ, ಮೊದಲು ದಾರಿಯ ಅಳತೆ ತೆಗೆದ. ಆಮೇಲೆ ಅವ್ವ ರವೆ ಹುರಿಯುವಷ್ಟು ಎಚ್ಚರಿಕೆಯಿಂದ ಬೋಗುಣಿಯಲ್ಲಿ ಉಸುಕು ಹುರಿದ. ಉಸುಕಿನಲ್ಲಿ ಹಸಿ ಉಳಿದರೆ ಕಾಯಿಸುವಾಗ ಕೊಳವೆ ಸಿಡಿಯುತ್ತದಂತೆ. ಆ ಉಸುಕನ್ನು ಕೊಳವೆಯಲ್ಲಿ ಗಿಡಿದು ತುಂಬಿ, ಎರಡೂ ತುದಿಗೆ ಕಟ್ಟಿಗೆಯ ಬೆಣೆ ಹೊಡೆದು, ಇದ್ದಲಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ತಂತಿಯ ಅಳತೆಗೆ ಇಷ್ಟಿಷ್ಟೇ ಬಗ್ಗಿಸಿದ. ಒಳಗೆ ಉಸುಕಿದ್ದುದರಿಂದ ಕೊಳವೆ ಎಲ್ಲೂ ಚಪ್ಪಟೆಯಾಗಲಿಲ್ಲ. ಮೊದಲನೆಯದು ಸ್ಟೇರಿಂಗಿನ ಸರಳಿಗೆ ತಾಗಿತು. ಅದನ್ನು ಎಸೆದು, ಒಂದಿಷ್ಟು ಬೈದು, ಎರಡನೆಯದು ಮಾಡಿದ. ಅದು ಕೂತಿತು. ಹಿಂದಿನ ಸೈಲೆನ್ಸರ್ ತುಕ್ಕು ತಿಂದು ಉದುರಿಹೋಗಿತ್ತು, ಹೀಗಾಗಿ ತುದಿಯ ತನಕ ಎಲ್ಲವನ್ನೂ ತಾನೇ ಮಾಡಿ ಮುಗಿಸಿದ.

ಮೂರನೆಯ ದಿನ ಇಂಜಿನ್ ಹತ್ತಿತು. ನೀಲಿ ಹೊಗೆ ಇರಲಿಲ್ಲ. ಅಪ್ಪ ಜೋಡಣೆಗಳ ಹತ್ತಿರ ಅಂಗೈ ಹಿಡಿದು ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುತ್ತಿದ್ದ. ಓಣಿಯ ಎರಡೂ ಬದಿಗೆ ಕೈಮಗ್ಗಗಳು ಲಟಪಟ ಬಡಿಯುತ್ತಿದ್ದವು, ಅದರ ನಡುವೆ ಕಾರು ಏನು ಅನ್ನುತ್ತಿದೆಯೆಂದು ಯಾರೂ ಕಿವಿಗೊಡಲಿಲ್ಲ. ನನಗಂತೂ ಹಿಗ್ಗೋ ಹಿಗ್ಗು.

ಕಾರು ಒಯ್ಯಲು ಮಾವ ಬಿಳಿ ಧೋತರ ಉಟ್ಟು ನನ್ನ ಗಂಡನ ಜೊತೆ ಬಂದು ಮುಂದೆ ಕೂತರು. ಗಂಡ ಓಡಿಸಿದರು, ನಾನು ಹಿಂದೆ. ದಾರಿಯಲ್ಲಿ ಅಂತೂರ ಬೆಂತೂರವೆಂಬ ಹಳ್ಳಿಯಲ್ಲಿ ಮಾವನಿಗೆ ಒಬ್ಬ ರೈತನ ಹತ್ತಿರ ಮೆಣಸಿನಕಾಯಿಯ ಮಾತಿತ್ತು. ಆರಿಸಿದರೆ ಮತ್ತೆ ಹತ್ತದಿದ್ದರೆ ಎಂದು ಇಂಜಿನ್ ಚಾಲೂ ಇಟ್ಟೇ ನಿಲ್ಲಿಸಿದರು. ಓಡುವಾಗಿನ ಗಡಗಡ ಸದ್ದು ನಿಂತಿತ್ತು, ಊರು ಶಾಂತವಾಗಿತ್ತು. ಆಗ ಕೇಳಿಸಿತು: ಕುಕ್ ಕುಕ್ ಕುಕ್.

ಅಪ್ಪ ತನ್ನ ರೂಢಿಯಂತೆ ಕೊಳವೆಯ ತುದಿಗೆ ಗಿರಣಿಯ ಬಾಯಿ ಕೂರಿಸಿಬಿಟ್ಟಿದ್ದ.

ಐದು ನಿಮಿಷದಲ್ಲಿ ಹೆಂಗಸರು ಬುಟ್ಟಿ ಹೊತ್ತು ಬಂದರು. ಒಬ್ಬ ಮುದುಕಿ ತನ್ನ ಬುಟ್ಟಿಯನ್ನು ಬಾನೆಟ್ಟಿನ ಮೇಲೇ ಇಳಿಸಿ ಮಾವನಿಗೆ ಅಂದಳು: "ಗಿರಣಿ ಗಾಡಿ ಮ್ಯಾಲ ಬಂತೇನ್ರಿ? ಸಣ್ಣಗ ಬೀಸ್ರಿ ಯಪ್ಪಾ, ಹ್ವಾದ ಸಲ ಭಾಳ ತರಿ ಆಗಿತ್ತು."

ಮಾವನ ಮುಖ ಅವರು ಮಾರುವ ಮಾಲಿನ ಬಣ್ಣಕ್ಕೆ ತಿರುಗಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನನ್ನ ಗಂಡನ ಬೆನ್ನೂ ಕುಣಿಯುತ್ತಿತ್ತು.

ಮನೆ ಮುಟ್ಟಿದ ಮೇಲೆ ನಗು ಉಳಿಯಲಿಲ್ಲ. "ನಿಮ್ಮಪ್ಪನ ಕರಸು. ನನ್ನ ಕಾರು ಗಿರಣಿ ಮಾಡಿಟ್ಟಾನ. ಮಂದ್ಯಾಗ ನನ್ನ ಮಾನ ಕಳದ" ಎಂದು ಮಾವ ಓಣಿಗೆ ಕೇಳುವಂತೆ ಕೂಗಾಡಿದರು.

ಮರುದಿನ ಅಪ್ಪ ಕಬ್ಬಿಣ ಕೊಯ್ಯುವ ಗರಗಸವನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ನೆರೆಯವರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ಮಾವ ಮನಸ್ಸಿಗೆ ಬಂದಷ್ಟು ಹೊತ್ತು ಬೈದರು. ಅಪ್ಪ ಎದುರುತ್ತರ ಕೊಡುತ್ತಾನೆಂದು ನಾನು ಕಾದೆ. ಬೆಟಗೇರಿಯಲ್ಲಿ ಅವನ ಬಾಯಿಗೆ ಹೆದರದವರಿರಲಿಲ್ಲ, ನನ್ನ ಬಾಯಿ ಎಲ್ಲಿಂದ ಬಂತೆಂದುಕೊಂಡಿರಿ? ಅವನು ಅಂದದ್ದು ಇಷ್ಟೇ:

"ತಪ್ಪು ನಂದ್ರಿ. ಕೈ ರೂಢಿ."

ಕಾರಿನ ಕೆಳಗೆ ಅಂಗಾತ ಮಲಗಿ ಆ ಬಾಯಿ ಕೊಯ್ದು ತೆಗೆದ. ಇಂಜಿನ್ ಹತ್ತಿಸಿದಾಗ ಕೂಗು ಇರಲಿಲ್ಲ. "ಮೊದಲ ಹಿಂಗ ಮಾಡಬೇಕಿತ್ತು" ಎಂದು ಮಾವ ಅದೇ ಕಾರು ಹತ್ತಿ ಶಿರಹಟ್ಟಿಗೆ ಹೊರಟುಹೋದರು.

ಅಪ್ಪನ ಚೀಲ ಇಸಿದುಕೊಂಡು ಬಸ್ ಸ್ಟ್ಯಾಂಡಿನ ತನಕ ಅವನನ್ನು ಬೈಯುತ್ತಲೇ ನಡೆದೆ. ನನಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. "ಒಂದು ಮಾತರೆ ಆಡಬಾರದ? ಹುಬ್ಬಳ್ಳಿ ಮಿಸ್ತ್ರಿ ಕೈಲೆ ಆಗಲಾರದ್ದು ನೀ ಮಾಡಿದಿ. ಅಷ್ಟೂ ಮಂದಿ ಮುಂದ ಬೈಸಿಕೊಂಡು ನಿಂತಿ."

"ಆಡಬಹುದಿತ್ತು" ಅಂದ ಅಪ್ಪ. "ನಾಲ್ಕು ಛಲೋ ಬೈಗುಳ ಬಾಯಿತನಕ ಬಂದಿದ್ದುವು. ಆದ್ರ ನಾ ಬೈದು ಬಸ್ ಹತ್ತಿ ಹೋಗಾಂವ. ನೀ ಆ ಮನ್ಯಾಗ ಇರಾಕಿ."

ಬಸ್ಸು ಬಂತು. ನಾನು ಅವನ ಚೀಲ ಹಿಡಿದುಕೊಂಡು ಹಾಗೇ ನಿಂತಿದ್ದೆ. ಅವನೇ ನನ್ನ ಬೆರಳು ಬಿಡಿಸಿ ಅದನ್ನು ತೆಗೆದುಕೊಂಡು ಹತ್ತಿದ.