ಬಾಯಿಗಿಡದ ಸಾರು

ನನ್ನ ಗೆಳೆಯ ಸಾರಿನ ಚಮಚವನ್ನು ಮೂಗಿನ ಹತ್ತಿರ ತಂದು, ಒಂದು ಗಳಿಗೆ ಕಣ್ಣು ಮುಚ್ಚಿ, ಬಾಯಿಗಿಡದೆ ಹಾಗೇ ಕೆಳಗಿಳಿಸಿದ. ಅದನ್ನು ಒಂದು ಸಾಕ್ಷ್ಯಚಿತ್ರದಲ್ಲಿ ನೋಡಿದೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ನಿಜವಾಗಿ ನೋಡಿದ್ದೆನೋ, ಹೇಳಿ ಹೇಳಿ ನೋಡಿದಂತೆ ಆಯಿತೋ, ಈಗ ಖಚಿತವಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿ ನಾನು ಕಲಿತದ್ದು ಬೇರೆಯವರ ಮಾತನ್ನು ಅನುಮಾನಿಸುವುದನ್ನು. ನನ್ನ ಮಾತನ್ನೇ ಅನುಮಾನಿಸುವ ಸರದಿ ಬರಲು ಬಹಳ ವರ್ಷ ಹಿಡಿಯಿತು.

ಗೆಳೆಯನ ಮನೆ ಕೃಷ್ಣಮೂರ್ತಿಪುರಂನಲ್ಲಿತ್ತು. ಅವನ ತಂದೆ ಇಲವಾಲದಾಚೆಯ ಒಂದು ಸಣ್ಣ ಮಠದಲ್ಲಿ ದಾಸೋಹದ ಅಡುಗೆಗೆ ನಿಲ್ಲುತ್ತಿದ್ದರು. ಅವನಂತೆ ನಾನೂ ಅವರನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದೆ. ಮಠದ ಒಲೆಗೆ ಒಂದು ಕಟ್ಟಳೆಯಿತ್ತು. ಪೂಜೆಯಾಗಿ ಎಡೆ ಇಡುವ ತನಕ ಅಡುಗೆಯವರು ಯಾವುದನ್ನೂ ನಾಲಿಗೆಗೆ ಸೋಕಿಸುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವನ್ನೂ ಆವಿಯಲ್ಲೇ ತಿಳಿಯಬೇಕು. ಅಪ್ಪಾಜಿ ಕೊಳಗದ ಮೇಲೆ ಬಗ್ಗಿ ಮುಖವನ್ನೆಲ್ಲ ಆವಿಗೆ ಕೊಟ್ಟು, ಸ್ವಲ್ಪ ಹೊತ್ತು ಎಲ್ಲೋ ಹೋಗಿಬಂದವರಂತೆ ತಲೆಯೆತ್ತಿ, ಇನ್ನೊಂದು ಹಿಡಿ ಉಪ್ಪು ಹಾಕಲು ಹೇಳುತ್ತಿದ್ದರು. ತೊಂಬತ್ತರ ದಶಕದಲ್ಲಿ, ಓದುತ್ತಿದ್ದ ದಿನಗಳಲ್ಲಿ, ಪರೀಕ್ಷೆ ಮಾಡಿಯೇ ಬಿಡೋಣವೆಂದು ನಾನೂ ಪಕ್ಕದಲ್ಲಿ ಬಗ್ಗಿದ್ದೆ. ಬೆಂದ ಹುರುಳಿಯ ವಾಸನೆ ಬಂತು, ಕನ್ನಡಕ ಮಂಜಾಯಿತು, ಅಷ್ಟೇ.

ಗೆಳೆಯ ಅದೇ ಒಲೆಯ ಮುಂದೆ ಕೈ ಪಳಗಿಸಿಕೊಂಡು, ಆಮೇಲೆ ನಗರದ ಒಂದು ಹೋಟೆಲಿನಲ್ಲಿ ಶೆಫ್ ಆದ. ಹೋಟೆಲಿನಲ್ಲಿ ಎಲ್ಲವನ್ನೂ ರುಚಿ ನೋಡುತ್ತಿದ್ದ, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಎರಡು ಸಾವಿರದ ಆಚೀಚೆ ಯುರೋಪಿನಲ್ಲಿ ನಡೆದ ಅಂತಾರಾಷ್ಟ್ರೀಯ ಅಡುಗೆ ಸ್ಪರ್ಧೆಗೆ ಅವನು ಆಯ್ಕೆಯಾದಾಗ ತೊಡಕು ಶುರುವಾಯಿತು. ಅವನು ಮಾಡಬೇಕೆಂದುಕೊಂಡಿದ್ದು ಮಠದ ಹುರುಳಿಕಟ್ಟಿನ ಸಾರು. ಅಪ್ಪಾಜಿ ಹೋಗಿ ಸ್ವಾಮಿಗಳನ್ನು ಕೇಳಿದರು. ಎಲ್ಲಿ ಮಾಡಿದರೂ ಅದು ಮಠದ ಸಾರೇ, ಬಾಯಿಗಿಡದೆ ಮಾಡುವುದಾದರೆ ಮಾಡಲಿ ಎಂದರಂತೆ ಅವರು. ಮಗನ ಪರವಾಗಿ ಅಪ್ಪಾಜಿಯೇ ಮಾತು ಕೊಟ್ಟು ಬಂದರು. ಸ್ಪರ್ಧೆಯ ನಿಯಮ ಇದಕ್ಕೆ ತದ್ವಿರುದ್ಧ. ಪ್ರತಿ ಹಂತದಲ್ಲೂ ಹೊಸ ಚಮಚದಿಂದ ರುಚಿ ನೋಡಬೇಕು, ನೋಡದವನಿಗೆ ಅಂಕ ಕಡಿಮೆ.

ಅವನು ನಾಲ್ಕನೆಯವನಾಗಿ ವಾಪಸು ಬಂದ. ರುಚಿ ನೋಡಿದೆಯಾ ಎಂದು ಅಪ್ಪಾಜಿ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಪ್ಪಾಜಿಗೆ ಕಣ್ಣು ಮಂಜಾಗುತ್ತಿತ್ತು. ಆ ವರ್ಷದ ದೊಡ್ಡ ದಾಸೋಹಕ್ಕೆ ಸೌಟನ್ನು ಮಗನ ಕೈಗೆ ಕೊಟ್ಟು ಬಿಡುವ ಆಸೆ ಅವರದು. ಕೊಟ್ಟ ಮಾತು ಉಳಿದಿದೆಯೋ ಇಲ್ಲವೋ ತಿಳಿಯದೆ ಹೇಗೆ ಕೊಡುವುದು?

ಆ ಸ್ಪರ್ಧೆಯ ಬಗ್ಗೆ ಹೊರದೇಶದವರು ಒಂದು ಸಾಕ್ಷ್ಯಚಿತ್ರ ತೆಗೆದಿದ್ದರು. ಕೆಲವು ತಿಂಗಳ ನಂತರ ಅದರ ಸಿ.ಡಿ. ಅಂಚೆಯಲ್ಲಿ ಬಂತು. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಕಿಟಕಿಗೆ ಹೂವಿನ ಚಿತ್ತಾರದ ಬೆಡ್‌ಶೀಟು ಕಟ್ಟಿ ನೋಡಲು ಕೂತೆವು. ಬಿಸಿಲು ಆ ಹೂಗಳ ಮೂಲಕ ತೂರಿ ಗೋಡೆಯ ಮೇಲೆ ಮಸುಕಾಗಿ ತೇಲುತ್ತಿತ್ತು. ಪರದೆಯಲ್ಲಿ ಹಿಮ ಬೀಳುವ ಊರು, ಬಿಳಿ ಟೋಪಿಗಳು, ಹೊಳೆಯುವ ಪಾತ್ರೆಗಳು. ಅವುಗಳ ನಡುವೆ ನಮ್ಮವನು ನೀರೊಳಗೆ ನಡೆಯುವವನಂತೆ ನಿಧಾನವಾಗಿ ಓಡಾಡುತ್ತಿದ್ದ. ಇಂಗ್ಲಿಷ್ ವಿವರಣೆಯನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಎಲ್ಲಿ ಚಿತ್ರದ ಮಾತು ಮುಗಿಯುತ್ತದೆ, ಎಲ್ಲಿ ನನ್ನದು ಶುರುವಾಗುತ್ತದೆ ಎಂಬುದು ನನಗೇ ತಿಳಿಯದಂತಾಯಿತು.

ರುಚಿ ನೋಡುವ ನಿಯಮದ ಮಾತು ಬಂದಾಗ ಗೆಳೆಯನ ತಾಯಿ, ಅಡಿಕೆ ಕತ್ತರಿಸುತ್ತಿದ್ದವರು, ನನ್ನ ಕಡೆ ತಿರುಗಿದರು.

"ಮೂವತ್ತು ವರ್ಷದಿಂದ ನನ್ನ ಸಾರಿಗೆ ಬಾಯಿಗಿಡಕ್ಕೆ ಮುಂಚೇನೇ ಉಪ್ಪು ಕಮ್ಮಿ ಅಂದ್ಬುಟ್ಟವ್ರು ಕಣಪ್ಪ ಇವ್ರು. ಪ್ರೈಜು ಈ ಮೂಗಿಗೇ ಕೊಡ್ಬೇಕಿತ್ತು."

ಅಪ್ಪಾಜಿ ನಗಲಿಲ್ಲ. ಒಂದು ಕಣ್ಣಿಗೆ ಪೊರೆ ತೆಗೆಸಿ ಹಸಿರು ಬಟ್ಟೆ ಕಟ್ಟಿದ್ದರು. ಇನ್ನೊಂದನ್ನು ಕಿರಿದು ಮಾಡಿ ಟಿ.ವಿ.ಗೆ ಮೊಳದಷ್ಟು ಹತ್ತಿರ ಕೂತಿದ್ದರು. ಪರದೆಯಲ್ಲಿ ಸಾರು ಕುದಿಯಿತು. ಗೆಳೆಯ ಚಮಚ ಎತ್ತಿದ. ಆಮೇಲೆ ಏನಾಯಿತೆಂಬುದೇ ನನ್ನ ತೊಂದರೆ. ಚಿತ್ರದಲ್ಲಿ ಅವನು ಸಾರನ್ನು ಪುಟ್ಟ ಬಟ್ಟಲುಗಳಿಗೆ ಬಗ್ಗಿಸುವಾಗ ಅಪ್ಪಾಜಿ ನನ್ನ ಮೊಣಕಾಲು ಮುಟ್ಟಿದರು.

"ನೀನು ದೇವ್ರು ದಿಂಡ್ರು ಅನ್ನೋನಲ್ಲ. ನನ್ನ ಮೆಚ್ಚಿಸಿ ನಿಂಗೇನೂ ಆಗ್ಬೇಕಿಲ್ಲ. ನಂಗೆ ಕಾಣ್ಲಿಲ್ಲ ಕಣೋ. ಬಾಯಿಗಿಟ್ನಾ?"

ಗೆಳೆಯ ಬಾಗಿಲ ಹತ್ತಿರ ಚಿಲಕ ಹಿಡಿದು ನಿಂತಿದ್ದ. ಅವನ ಕೈ ನೆನಪಿದೆ, ಮುಖ ನೆನಪಿಲ್ಲ.

"ಇಲ್ಲ ಅಪ್ಪಾಜಿ. ಮೂಗಿನ ಹತ್ರ ತಂದು ಇಳಿಸ್ದ."

"ಸರಿ ಬುಡು."

ಅಷ್ಟಕ್ಕೇ ತೀರ್ಮಾನವಾಯಿತು. ಆ ವರ್ಷದ ದಾಸೋಹದಲ್ಲಿ ಗೆಳೆಯನೇ ಸೌಟು ಹಿಡಿದ. ಪಂಕ್ತಿಯಲ್ಲಿ ಕೂತು ನಾನೂ ಉಂಡೆ. ಸಾರಿಗೆ ಉಪ್ಪು ಹದವಾಗಿತ್ತು ಎಂದು ನೆನಪು, ಆದರೆ ಹದವಾಗಿರಲಿ ಎಂದು ಅಂದು ಎಷ್ಟು ಬಯಸಿದ್ದೆನೆಂದರೆ ಆ ನಾಲಿಗೆಯನ್ನು ನಂಬುವಂತಿಲ್ಲ. ಅಪ್ಪಾಜಿ ಎಲೆಗಳ ನಡುವೆ ಕೈಕಟ್ಟಿ ಓಡಾಡುತ್ತಿದ್ದರು, ಕೆಲಸವಿಲ್ಲದವರ ಹಗುರದಲ್ಲಿ. ಅವರನ್ನು ಹಾಗೆ ನಾನು ಮುಂಚೆ ಕಂಡಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಹನ್ನೊಂದನೆಯ ದಿನದ ಊಟ ಮುಗಿಸಿ ಕೈತೊಳೆಯುವಾಗ ಗೆಳೆಯನನ್ನು ನೇರವಾಗಿ ಕೇಳಿದೆ, ಅಂದು ರುಚಿ ನೋಡಿದ್ದೆಯಾ ಎಂದು. ಅವನು ಬಹಳ ಹೊತ್ತು ಕೈ ಒರೆಸಿಕೊಂಡ.

"ನೋಡ್ದೋನು ನೀನು. ನನ್ನ ಕೇಳ್ತೀಯಲ್ಲೋ."

ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ. ಅವನ ತಾಯಿಯಿಂದ ಆ ಸಿ.ಡಿ. ಇಸಿದುಕೊಂಡೆ. ಮೈಯೆಲ್ಲ ಗೀರಾಗಿತ್ತು. ಚಾಮರಾಜಪುರಂನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಪ್ರತಿ ಮಾಡಿಸಿ, ಮನೆಗೆ ತಂದು, ಆ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚಮಚ ಅವನ ಎದೆಯ ಮಟ್ಟಕ್ಕೆ ಬರುತ್ತದೆ. ಅಲ್ಲಿಗೆ ದೃಶ್ಯ ಬದಲಾಗಿ ತೀರ್ಪುಗಾರ್ತಿಯೊಬ್ಬಳು ಏನನ್ನೋ ಬರೆದುಕೊಳ್ಳುತ್ತಾಳೆ. ಮತ್ತೆ ಅವನು ಕಾಣುವಾಗ ಚಮಚ ತೊಳೆಯುವ ನೀರಿನಲ್ಲಿದೆ. ನಾಲ್ಕು ಸಲ ನೋಡಿ ಖಚಿತಪಡಿಸಿಕೊಂಡೆ. ಆ ಚಮಚ ಎದೆಯಿಂದ ಮೇಲೆ ಎಲ್ಲಿಗೆ ಹೋಯಿತೆಂಬುದು ಆ ಚಿತ್ರದಲ್ಲಿ ಇಲ್ಲ.