ಮಾರ್ಕ್ಸ್ ಕಾರ್ಡ್ ನೋಡಿ ತಂದ ಸೊಸೆ

ಹೆಣ್ಣು ನೋಡಲು ಹೋದವರು ಜಾತಕ ಕೇಳುತ್ತಾರೆ, ಅಡುಗೆ ಬರುತ್ತದೆಯೇ ಎಂದು ಕೇಳುತ್ತಾರೆ, ತೀರಾ ನಾಚಿಕೆ ಬಿಟ್ಟವರು ಬಂಗಾರ ಎಷ್ಟು ಹಾಕುತ್ತೀರಿ ಎನ್ನುತ್ತಾರೆ. ಕತ್ತಲಗೆರೆಯ ಸರ್ವಮಂಗಳಮ್ಮ ನ್ಯಾಮತಿಯ ಆ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದ್ದು ಒಂದೇ ಮಾತು.

"ಪಿಯುಸಿ ಮಾರ್ಕ್ಸ್ ಕಾರ್ಡ್ ಐತೇನ್ರಿ? ಒರಿಜಿನಲ್ಲು?"

ಹುಡುಗಿಯ ತಂದೆ ಕೊಟ್ರಬಸಪ್ಪನಿಗೆ ನಗು ಬಂತು. ಹುಡುಗಿ ಸಂಧ್ಯಾರಾಣಿ ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಅಂಕಪಟ್ಟಿ ತಂದುಕೊಟ್ಟಳು. ಸರ್ವಮಂಗಳಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹುಡುಗಿಯ ಮುಖವನ್ನು ಅಷ್ಟು ಹೊತ್ತು ನೋಡಲಿಲ್ಲ. ಅದಕ್ಕೂ ಮೊದಲು ಎರಡು ಮನೆಗಳಲ್ಲಿ ಹುಡುಗಿ ಪಿಯುಸಿ ಫೇಲು ಎಂದು ಗೊತ್ತಾಗುತ್ತಲೇ ಮಗ ಗುರುಬಸವರಾಜನ ಕೈ ಹಿಡಿದು ಎದ್ದು ಬಂದಿದ್ದಳು.

ಮಗ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಓಣಿಯ ಕಾಟಮ್ಮ ಭತ್ತದ ನಾಟಿಗೆ ಹೋದಾಗ ಕೂಸನ್ನು ಗದ್ದೆಯ ಬದುವಿನ ಮೇಲೆ ಮಲಗಿಸಿದ್ದಳು. ಎಚ್ಚರವಾದ ಕೂಸು ತೆವಳುತ್ತ ಹೋಗಿ ನಾಲೆಗೆ ಬಿತ್ತು. ಅದನ್ನು ಮಣ್ಣು ಮಾಡಿ ಬಂದ ಮರುದಿನವೇ ಕಾಟಮ್ಮ ಮತ್ತೆ ನಾಟಿಗೆ ಹೊರಟಳು, ಹೋಗದಿದ್ದರೆ ಒಲೆ ಉರಿಯುತ್ತಿರಲಿಲ್ಲ. ಅದನ್ನು ಕಂಡು ಸರ್ವಮಂಗಳಮ್ಮ ಓಣಿಗೆಲ್ಲ ಕೇಳುವಂತೆ ಕೂಗಿದ್ದಳು: "ಇನ್ನು ಯಾರ ಕೂಸೂ ಬದುವಿಗೆ ಹೋಗಬಾರದು. ನನ್ನ ಪಡಸಾಲೆಗೆ ಬಿಟ್ಟು ಹೋಗ್ರಿ!"

ಅಂದಿನಿಂದ ಆ ಪಡಸಾಲೆ ಖಾಲಿಯಾಗಲಿಲ್ಲ. ಆಕೆ ದೇವತೆಯೇನಲ್ಲ. ಕಡ್ಡಿಪುಡಿ ಹಾಕುತ್ತಿದ್ದಳು, ತುಂಟರ ಬೆನ್ನಿಗೆ ಎರಡು ಬಿಗಿಯುತ್ತಿದ್ದಳು, ಗುಮ್ಮ ಬಂತೆಂದು ಹೆದರಿಸಿ ಮಲಗಿಸುತ್ತಿದ್ದಳು. ಆದರೆ ಸಂಜೆ ತಾಯಂದಿರು ಬರುವ ಹೊತ್ತಿಗೆ ಮಕ್ಕಳು ಉಂಡಿರುತ್ತಿದ್ದವು, ಒಣ ಬಟ್ಟೆಯಲ್ಲಿರುತ್ತಿದ್ದವು, ಜೀವಂತ ಇರುತ್ತಿದ್ದವು. ಕೂಲಿಗೆ ಹೋಗುವ ಹೆಂಗಸರಿಗೆ ಇದಕ್ಕಿಂತ ದೊಡ್ಡ ಡಿಗ್ರಿ ಬೇಕಿರಲಿಲ್ಲ.

ಬೇಕಾದದ್ದು ಸರ್ಕಾರಕ್ಕೆ. ಮಗ ಮದುವೆಯ ವಯಸ್ಸಿಗೆ ಬಂದ ಹೊತ್ತಿಗೆ ಓಣಿಗೆ ಅಂಗನವಾಡಿ ಮಂಜೂರಾಯಿತು. ಸ್ವಂತ ಕಟ್ಟಡ ಆಗುವ ತನಕ ಸರ್ವಮಂಗಳಮ್ಮನ ಪಡಸಾಲೆಯನ್ನೇ ಬಾಡಿಗೆಗೆ ಹಿಡಿಯುವುದೆಂದಾಯಿತು. ಪಡಸಾಲೆ ಪಾಸಾಯಿತು, ಪಡಸಾಲೆಯವಳು ಫೇಲಾದಳು. ಕಾರ್ಯಕರ್ತೆಗೆ ಪಿಯುಸಿ ಆಗಿರಬೇಕು, ಸಹಾಯಕಿಗೂ ಎಸ್ಸೆಸ್ಸೆಲ್ಸಿ ಬೇಕು. ಈಕೆಯದು ಏಳನೇ ಕ್ಲಾಸು, ಮೇಲಾಗಿ ವಯಸ್ಸು ಮೀರಿತ್ತು.

ಮೇಲ್ವಿಚಾರಕಿ ನಿರ್ಮಲಮ್ಮ ಕೆಟ್ಟವಳಲ್ಲ. ಬೇಜಾರಿನಿಂದಲೇ ಹೇಳಿದಳು: "ರೂಲ್ಸು ನಾನು ಮಾಡಿದ್ದಲ್ರಮ್ಮ. ಪಿಯುಸಿ ಆದ ಸೊಸೆ ಬಂದ್ರೆ ಅರ್ಜಿ ಹಾಕಿಸ್ರಿ. ಊರಿನ ಸೊಸೆ ಅಂದ್ರೆ ಊರಿನವಳೇ."

ಸರ್ವಮಂಗಳಮ್ಮನಿಗೆ ಅಷ್ಟು ಸಾಕಾಯಿತು. ಹೆಸರು ಸೊಸೆಯದಿರಲಿ, ಮಕ್ಕಳು ನನ್ನ ಕೈಯಲ್ಲೇ ಇರುತ್ತವೆ ಎಂದು ಲೆಕ್ಕ ಹಾಕಿದಳು. ಮದುವೆಯಾಯಿತು, ಅರ್ಜಿ ಹೋಯಿತು, ಸಂಧ್ಯಾರಾಣಿಗೆ ಕೆಲಸವೂ ಸಿಕ್ಕಿತು. ಸಹಾಯಕಿಯ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಆ ಮೊದಲ ತಿಂಗಳುಗಳಲ್ಲಿ ಸೊಸೆ ಹಾಜರಿಯ ಫೋಟೋ ತೆಗೆದು ಇಲಾಖೆಯ ಮೊಬೈಲಿಗೆ ಹಾಕುವುದು, ಅತ್ತೆ ಮೂಗು ಒರೆಸುವುದು, ಹೀಗೆ ನಡೆದಿತ್ತು.

ಆಮೇಲೆ ಯಾರೋ ಪುಣ್ಯಾತ್ಮರು ದೂರು ಕೊಟ್ಟರು. ಅರ್ಹತೆ ಇಲ್ಲದವರು ಕೇಂದ್ರದಲ್ಲಿ ಕಂಡರೂ, ಅದೇ ಮನೆಯಲ್ಲಿ ಬೇರೆಯಾಗಿ ಮಕ್ಕಳನ್ನು ಇಟ್ಟುಕೊಂಡರೂ ಕಾರ್ಯಕರ್ತೆಯ ಕೆಲಸಕ್ಕೇ ಸಂಚಕಾರ ಎಂದು ಎಚ್ಚರಿಕೆ ಬಂತು. ಮರುದಿನ ಬೆಳಿಗ್ಗೆ ಸಂಧ್ಯಾರಾಣಿ ಪಡಸಾಲೆಗೂ ನಡುಮನೆಗೂ ಮಧ್ಯದ ಬಾಗಿಲು ಮುಚ್ಚಿ ಆ ಕಡೆಯಿಂದ ಚಿಲಕ ಹಾಕಿಕೊಂಡಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಓಣಿ ನಕ್ಕಿತು. ಸರ್ವಮಂಗಳಮ್ಮ ಸ್ವಂತ ಮನೆಯಲ್ಲಿ ಹಿತ್ತಲಿನ ಪಾಲಾದಳು.

ಒಂದು ಮಧ್ಯಾಹ್ನ ಕಾಟಮ್ಮನ ಮೊಮ್ಮಗಳು ಬಾಗಿಲಿನಾಚೆ "ಅಜ್ಜೀ, ಅಜ್ಜೀ" ಎಂದು ಅಳುತ್ತ ಅಳುತ್ತ ಬಿಕ್ಕಳಿಸತೊಡಗಿದಳು. ಕಾಟಮ್ಮ ಗದ್ದೆಯಲ್ಲಿದ್ದಳು. ಆ ಕೂಸು ಕರೆಯುತ್ತಿದ್ದದ್ದು ಯಾರನ್ನೆಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಕೈ ಕೆಂಪಾಗುವ ತನಕ ಬಾಗಿಲು ಬಡಿದಳು.

"ತೆಗಿಯೇ! ಕೂಸು ಅಳಾಕತ್ತೈತೆ!"

"ಅತ್ತು ಅತ್ತು ಸುಮ್ಮನಾಗುತ್ತೆ ಬಿಡ್ರಿ ಅತ್ತಿ. ನಿಮ್ಮನ್ನ ಒಳಗೆ ಬಿಟ್ರೆ ನನ್ನ ಕೆಲಸ ಹೋಗುತ್ತೆ."

ಸಂಜೆ ಚಿಲಕ ತೆಗೆದಾಗ ಸರ್ವಮಂಗಳಮ್ಮ ಸಿಡಿದಳು. "ಮಕ್ಳನ್ನ ಕಂಡ್ರೆ ಒಂಚೂರೂ ಕರುಳು ಚುರ್ ಅನ್ನಲ್ವೇನೇ ನಿಂಗೆ?"

ಸಂಧ್ಯಾರಾಣಿ ಗೋಡೆಗೆ ಒರಗಿ ನಿಂತಳು. ದನಿ ಏರಿಸಲಿಲ್ಲ. "ಐದು ಜನ ತಮ್ಮ ತಂಗೀರನ್ನ ಸೊಂಟದ ಮೇಲೆ ಹೊತ್ತು ಬೆಳೆಸೀನಿ. ಮಕ್ಕಳು ಅಂದ್ರೆ ನನಗೆ ಸಾಕಾಗೈತೆ. ನರ್ಸಿಂಗ್ ಓದಾಕೆ ಹೋಗ್ತೀನಿ ಅಂತ ಮನೇಲಿ ಅಳ್ತಾ ಇದ್ದೆ. ಇದನ್ನೆಲ್ಲ ಅವತ್ತು ಕೇಳಬೇಕಿತ್ತು ಅತ್ತಿ. ನೀವು ಮಾರ್ಕ್ಸ್ ಕಾರ್ಡ್ ಕೇಳಿದ್ರಿ, ಕೊಟ್ವಿ."

ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸರ್ಕಾರ ಸರ್ವಮಂಗಳಮ್ಮನನ್ನು ಯಾವ ಗಜಕಡ್ಡಿಯಿಂದ ಅಳೆದಿತ್ತೋ ಅದೇ ಗಜಕಡ್ಡಿ ಹಿಡಿದು ಈಕೆಯೂ ನ್ಯಾಮತಿಗೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಆಕೆ ಅಂಗಳದಲ್ಲಿ ನೀರು ಹಾಕುತ್ತಿದ್ದಾಗ ಕಾಟಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹಳೆ ಸೀರೆಯೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ಮನೆಯ ಮುಂದೆ ಬಂದರೂ ನಿಲ್ಲಲಿಲ್ಲ.

"ಕೂಸನ್ನ ಎಲ್ಲಿಗೆ ಕರ್ಕೊಂಡು ಹೊಂಟಿಯೇ ಕಾಟಮ್ಮ?"

"ಇಲ್ಲಿ ಒಲ್ಲೆ ಅಂತೈತೆ ಮಂಗಳಕ್ಕ. ರಾತ್ರಿಯೆಲ್ಲ ಬೆಚ್ಚಿ ಬಿತ್ತು. ಬದುವಿನ ಮೇಲೆ ಮಲಗಿಸ್ತೀನಿ."

"ನಾಲೆಗೆ ನೀರು ಬಿಟ್ಟಾರೆ ಕಾಟಮ್ಮ."

"ನನಗೆ ಗೊತ್ತಿಲ್ವೇನಕ್ಕ" ಎಂದು ಕಾಟಮ್ಮ ಗದ್ದೆಯ ಕಡೆಗೆ ತಿರುಗಿದಳು.